ನರದ ನೋವಿಗೆ ತಾರೀಖು ಯಾವುದು? ಅಮೆರಿಕದ ಮಾಜಿ ಸೈನಿಕರ ಪರಿಹಾರದಲ್ಲಿ ಒಂದು ದಿನಾಂಕದ ಬೆಲೆ

ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಅಂಗವೈಕಲ್ಯ ಪರಿಹಾರ ಮಂಜೂರಾದಾಗ ಮನೆಗೆ ಒಂದು ಪತ್ರ ಬರುತ್ತದೆ. ಅದರಲ್ಲಿ ನೋಡಬೇಕಾದ ಅಂಕಿ ಎರಡು. ಶೇಕಡ ಎಷ್ಟು ಎನ್ನುವುದು ಒಂದು, ಯಾವತ್ತಿನಿಂದ ಎನ್ನುವುದು ಇನ್ನೊಂದು. ಎಲ್ಲರ ಕಣ್ಣೂ ಮೊದಲು ಹೋಗುವುದು ಶೇಕಡದ ಕಡೆಗೆ. 20 ಸಿಕ್ಕಿತಾ, 40 ಸಿಕ್ಕಿತಾ ಎಂದು ನೋಡಿ, ಖುಷಿಯೋ ಬೇಜಾರೋ ಪಟ್ಟು, ಪತ್ರ ಮಡಚಿ ಇಡುತ್ತಾರೆ. ತಾರೀಖಿನ ಸಾಲು ಹಾಗೇ ಉಳಿದುಬಿಡುತ್ತದೆ. ಆದರೆ ಬಾಕಿ ಹಣವೆಲ್ಲ ನಿಂತಿರುವುದು ಆ ಸಾಲಿನ ಮೇಲೆ.

ಆ ತಾರೀಖನ್ನು ಅಲ್ಲಿ ಎಫೆಕ್ಟಿವ್ ಡೇಟ್ ಎನ್ನುತ್ತಾರೆ. ಅಂದರೆ ಪರಿಹಾರದ ಹಕ್ಕು ಯಾವ ದಿನದಿಂದ ಲೆಕ್ಕಕ್ಕೆ ಬರುತ್ತದೆ ಎಂಬುದು. ಗುಂಡೇಟಿಗೆ, ಕಾಲು ಮುರಿತಕ್ಕೆ ಈ ದಿನ ಗೊತ್ತುಮಾಡುವುದು ಅಷ್ಟು ಕಷ್ಟವಲ್ಲ. ನರದ ತೊಂದರೆಗೆ ಮಾತ್ರ ಇದು ದೊಡ್ಡ ತಲೆನೋವು. ಏಕೆಂದರೆ ನರ ಒಂದೇ ದಿನದಲ್ಲಿ ಕೆಡುವುದು ಅಪರೂಪ. ಮೊದಲು ಬೆರಳ ತುದಿಯಲ್ಲಿ ಜೋಮು. ಆಮೇಲೆ ರಾತ್ರಿ ಹೊತ್ತು ಪಾದ ಉರಿ. ಮುಂದೆ ಒಂದು ದಿನ ಚಪ್ಪಲಿ ಕಾಲಿನಿಂದ ಜಾರಿದ್ದೂ ಗೊತ್ತಾಗುವುದಿಲ್ಲ. ಈ ಮೂರರ ನಡುವೆ ವರ್ಷಗಳೇ ಕಳೆದಿರುತ್ತವೆ. ಕಾನೂನು ಕೇಳುವುದು ಮಾತ್ರ ಒಂದೇ ಒಂದು ತಾರೀಖು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಾರೀಖಿನ ನಿಯಮಗಳು ಗಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು, ನಿಧಾನವಾಗಿ ಬರುವ ಕಾಯಿಲೆಯನ್ನಲ್ಲ. ಅದರ ಮೇಲೆ ಇಲಾಖೆಯೂ ಎಷ್ಟೋ ಸಲ ಕಾನೂನು ಕೇಳದಷ್ಟು ಬಿಗಿ ಮಾಡುತ್ತದೆ. ಪರೀಕ್ಷೆ ನಡೆದ ದಿನವನ್ನೇ ಕಾಯಿಲೆ ಶುರುವಾದ ದಿನ ಎಂದು ಬರೆದುಬಿಡುತ್ತದೆ. ನ್ಯಾಯಾಲಯ ಇದು ತಪ್ಪು ಎಂದು ಸ್ಪಷ್ಟವಾಗಿ ಹೇಳಿದೆ. ಆದರೂ ಆ ಮಾತು ಪ್ರತಿ ಪತ್ರದವರೆಗೂ ತಲುಪಿಲ್ಲ.

ಮೂಲ ನಿಯಮ

ಮಾಜಿ ಸೈನಿಕರ ವ್ಯವಹಾರ ನೋಡಿಕೊಳ್ಳುವ ಇಲಾಖೆಯನ್ನು ಅಲ್ಲಿ ಎಲ್ಲರೂ ವಿಎ ಎಂದೇ ಕರೆಯುತ್ತಾರೆ. ಅಮೆರಿಕದ ಕಾನೂನು ಸಂಹಿತೆಯ 38ನೇ ಭಾಗದ 5110ನೇ ಸೆಕ್ಷನ್ ಈ ತಾರೀಖಿನ ತಾಯಿಬೇರು. ಅದರ ಕೆಳಗೆ ವಿಎ ಬರೆದುಕೊಂಡಿರುವ ನಿಯಮದ ಸಂಖ್ಯೆ 3.400. ಎರಡನ್ನೂ ಸೇರಿಸಿ ಸರಳವಾಗಿ ಹೇಳುವುದಾದರೆ: ಅರ್ಜಿ ಇಲಾಖೆಗೆ ತಲುಪಿದ ದಿನ ಒಂದು, ಹಕ್ಕು ಹುಟ್ಟಿದ ದಿನ ಇನ್ನೊಂದು, ಎರಡರಲ್ಲಿ ಯಾವುದು ತಡವೋ ಅದೇ ಎಫೆಕ್ಟಿವ್ ಡೇಟ್. ಹಣ ಕೊಡುವುದು ಅದರ ಮುಂದಿನ ತಿಂಗಳ ಒಂದನೇ ತಾರೀಖಿನಿಂದ.

ಅಂದರೆ ಹತ್ತು ವರ್ಷ ಪಾದ ಉರಿದಿದ್ದರೂ ಅರ್ಜಿ ಕೊಟ್ಟದ್ದು ಈ ವರ್ಷವಾದರೆ ಲೆಕ್ಕ ಈ ವರ್ಷದಿಂದ. ನೋವು ನಿಜ, ಸೇವೆಯಿಂದಲೇ ಬಂದದ್ದು ಎಂದು ಇಲಾಖೆಯೂ ಒಪ್ಪಿದೆ, ಆದರೂ ಹಿಂದಿನ ಹತ್ತು ವರ್ಷಕ್ಕೆ ಬಿಡಿಗಾಸಿಲ್ಲ. ಇದಕ್ಕೆ ಕೆಲವು ಅಪವಾದಗಳಿವೆ, ಅವನ್ನು ಮುಂದೆ ನೋಡೋಣ.

ಹಣದ ಲೆಕ್ಕ ಕಣ್ಣೆದುರಿಗೆ ಬರಲಿ ಎಂದು ಒಂದು ಕಾಲ್ಪನಿಕ ಉದಾಹರಣೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ, ಒಂಟಿಯಾಗಿರುವ ಒಬ್ಬ ಮಾಜಿ ಸೈನಿಕ. ಸಕ್ಕರೆ ಕಾಯಿಲೆಗೆ ಮೊದಲಿನಿಂದಲೂ ಶೇ 20 ಪರಿಹಾರವಿದೆ. 2020ರಲ್ಲೇ ಪಾದ ಜೋಮು ಹಿಡಿಯುತ್ತದೆ ಎಂದು ವೈದ್ಯರಿಗೆ ಹೇಳಿದ್ದ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮಾತ್ರೆಯೂ ಶುರುವಾಗಿತ್ತು. ಪಾದದ ನರಕ್ಕೆಂದು ಅರ್ಜಿ ಹಾಕಿದ್ದು 2025ರ ಜನವರಿ 14ಕ್ಕೆ. ವಿಎ ಪರೀಕ್ಷೆ ನಡೆದದ್ದು ಜೂನ್ 20ಕ್ಕೆ. ಎರಡೂ ಕಾಲಿಗೆ ತಲಾ ಶೇ 20 ಕೊಟ್ಟರು ಎಂದುಕೊಳ್ಳಿ. ಎರಡು ಕಾಲೂ ಕೆಟ್ಟಾಗ ಸೇರಿಸುವ ಹೆಚ್ಚುವರಿ ಅಂಶದೊಂದಿಗೆ ಕಾಲುಗಳದ್ದೇ ಸುಮಾರು 40 ಆಗುತ್ತದೆ. ಸಕ್ಕರೆ ಕಾಯಿಲೆಯ 20 ಅನ್ನು ವಿಎ ನೇರವಾಗಿ ಕೂಡುವುದಿಲ್ಲ, ತನ್ನದೇ ಕೋಷ್ಟಕದಲ್ಲಿ ಸೇರಿಸುತ್ತದೆ. ಒಟ್ಟು 52 ಬಂದು 50ಕ್ಕೆ ಇಳಿಯುತ್ತದೆ.

2025ರ ದರದಲ್ಲಿ ಶೇ 20ಕ್ಕೆ ತಿಂಗಳಿಗೆ 346.95 ಡಾಲರ್, ಶೇ 50ಕ್ಕೆ 1,102.04 ಡಾಲರ್. ವ್ಯತ್ಯಾಸ 755.09. ಪತ್ರದಲ್ಲಿ ಪರೀಕ್ಷೆಯ ದಿನವಾದ ಜೂನ್ 20 ಎಂದು ಹಾಕಿದರೆ ಹೆಚ್ಚಿನ ಹಣ ಜುಲೈನಿಂದ ಶುರು. ಅರ್ಜಿಯ ದಿನ ಹಾಕಿದರೆ ಫೆಬ್ರವರಿಯಿಂದ. ಐದು ತಿಂಗಳು, 3,775 ಡಾಲರ್ ಚಿಲ್ಲರೆ. ಇದೇ ಅರ್ಜಿಯನ್ನು 2020ರ ಆರಂಭದಲ್ಲೇ ಹಾಕಿ ಅಷ್ಟೇ ಶೇಕಡ ಸಿಕ್ಕಿದ್ದರೆ? ಆಗಿನ ಕಡಿಮೆ ದರದಲ್ಲೂ ಐದು ವರ್ಷಕ್ಕೆ 30,000 ಡಾಲರ್‌ಗಿಂತ ಜಾಸ್ತಿ ಆಗುತ್ತಿತ್ತು. ಕಾಯಿಲೆ ಅದೇ, ಕಾಲು ಅವೇ.

ಪರೀಕ್ಷೆಯ ದಿನ ಮತ್ತು ಕಾಯಿಲೆಯ ದಿನ

ನರದ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ತಾರೀಖಿನ ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದೂ ಗೊತ್ತಾಗುತ್ತದೆ. ಪರೀಕ್ಷಕರು ಪಾದದ ಮೇಲೆ ತೆಳುವಾದ ನೈಲಾನ್ ಎಳೆಯೊಂದನ್ನು ಒತ್ತುತ್ತಾರೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಕೊಂಡವರು ‘ಈಗ ತಗುಲಿತು’ ಎನ್ನಬೇಕು. ಆಮೇಲೆ ಕಂಪಿಸುವ ಟ್ಯೂನಿಂಗ್ ಫೋರ್ಕ್ ಅನ್ನು ಹೆಬ್ಬೆರಳ ಗಂಟಿನ ಮೇಲಿಟ್ಟು, ಅದುರುವುದು ಗೊತ್ತಾಗುತ್ತದಾ ಎಂದು ಕೇಳುತ್ತಾರೆ. ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಿ ಪಾದ ಜಿಗಿಯುತ್ತದೋ ಇಲ್ಲವೋ ನೋಡುತ್ತಾರೆ. ಆಮೇಲೆ ನಮೂನೆಯಲ್ಲಿ ಗುರುತು ಹಾಕುತ್ತಾರೆ: ನೋವು, ಜುಮುಗುಟ್ಟುವಿಕೆ, ಸ್ಪರ್ಶವಿಲ್ಲದಿರುವುದು, ಪ್ರತಿಯೊಂದಕ್ಕೂ ಇಲ್ಲ, ಅಲ್ಪ, ಮಧ್ಯಮ, ತೀವ್ರ.

ಆ ಗುರುತುಗಳಿಂದ ಶೇಕಡ ಹುಟ್ಟುತ್ತದೆ. ತೊಡೆಯ ಹಿಂದಿನಿಂದ ಕಾಲಿಗಿಳಿಯುವ ಸಯಾಟಿಕ್ ನರಕ್ಕೆ ಅಲ್ಪವಾದರೆ 10, ಮಧ್ಯಮವಾದರೆ 20, ಅದಕ್ಕಿಂತ ಜಾಸ್ತಿಯಾದರೆ 40, ಸ್ನಾಯು ಸೊರಗಿ ತೀವ್ರವಾದರೆ 60, ಪಾದ ಎತ್ತಲಾಗದೆ ಜೋತುಬಿದ್ದರೆ 80. ಬರೀ ಸ್ಪರ್ಶ ಕೆಟ್ಟಿದ್ದು ಬಲ ಉಳಿದಿದ್ದರೆ ಸಾಮಾನ್ಯವಾಗಿ ಮಧ್ಯಮಕ್ಕಿಂತ ಮೇಲೆ ಹೋಗುವುದಿಲ್ಲ.

ಕಡತ ನೋಡುವ ಅಧಿಕಾರಿಯ ಮೇಜಿನ ಮೇಲೆ ಈ ಪರೀಕ್ಷೆಯ ವರದಿ ಬರುತ್ತದೆ. ಮೇಲೆ ದೊಡ್ಡದಾಗಿ ದಿನಾಂಕ. ನರ ಕೆಟ್ಟಿದೆ ಎಂದು ಮೊದಲ ಸಲ ಅಚ್ಚುಕಟ್ಟಾಗಿ ಬರೆದಿರುವ ಕಾಗದವೇ ಅದು. ಹಾಗಾಗಿ ಅಧಿಕಾರಿ ಸುಮ್ನೆ ಅದೇ ದಿನವನ್ನು ಹಕ್ಕು ಹುಟ್ಟಿದ ದಿನ ಎಂದು ಎತ್ತಿಕೊಳ್ಳುತ್ತಾರೆ. ಆದರೆ ಜೂನ್ 20ರಂದು ಸ್ಪರ್ಶವಿಲ್ಲದ ಪಾದ ಜೂನ್ 19ರಂದು ಚೆನ್ನಾಗಿತ್ತಾ? ಖಂಡಿತ ಇಲ್ಲ ಅಲ್ವಾ.

ಮಾಜಿ ಸೈನಿಕರ ಮೇಲ್ಮನವಿಗೆಂದೇ ಇರುವ ನ್ಯಾಯಾಲಯ 2010ರಲ್ಲಿ ಟೇಟಮ್ ಪ್ರಕರಣದಲ್ಲಿ ಈ ಮಾತನ್ನೇ ಹೇಳಿತು. ವೈದ್ಯರ ಅಭಿಪ್ರಾಯದ ಒಳಗೆ ಏನಿದೆ ಎನ್ನುವುದು ಮುಖ್ಯ, ಅದನ್ನು ಯಾವತ್ತು ಬರೆದರು ಎನ್ನುವುದಲ್ಲ. 2011ರ ಡಿಲಿಸಿಯೊ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು. ಹಕ್ಕು ಹುಟ್ಟುವುದು ರೋಗಕ್ಕೆ ಹೆಸರಿಟ್ಟ ದಿನವಲ್ಲ, ರೋಗ ಕಾಣಿಸಿಕೊಂಡು ಅದಕ್ಕೊಂದು ಅರ್ಜಿಯೂ ಬಂದಾಗ. ಡಿಲಿಸಿಯೊ ಪ್ರಕರಣ ಶುರುವಾದದ್ದೂ ಕೈಕಾಲಿನ ನರದ ತೊಂದರೆಯಿಂದಲೇ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ನರಕ್ಕೆಂದು ಅರ್ಜಿ ಹಾಕಿದ್ದಾಗ, ಅದಕ್ಕೆ ಕಾರಣ ಸಕ್ಕರೆ ಕಾಯಿಲೆ ಎಂದು ನಂತರ ಗೊತ್ತಾದರೆ, ಆ ಕಾರಣವನ್ನೂ ವಿಎ ವಿಚಾರಿಸಲೇಬೇಕು. ಮೊದಲ ಅರ್ಜಿಯೊಳಗೆ ಅದೂ ಸೇರಿತ್ತು ಎಂದು ಸಹಜವಾಗಿ ಹೇಳಬಹುದಾದರೆ, ಸಕ್ಕರೆ ಕಾಯಿಲೆಗೂ ಆ ಅರ್ಜಿಯ ತಾರೀಖೇ ಸಿಗಬಹುದು. ರೋಗಿಗೆ ಗೊತ್ತಾಗುವುದು ಕಾಲಿನ ಉರಿ ಮಾತ್ರ. ಉರಿಯ ಮೂಲ ಹುಡುಕುವುದು ವೈದ್ಯರ ಕೆಲಸ. ಅದನ್ನು ನ್ಯಾಯಾಲಯ ಒಪ್ಪಿಕೊಂಡದ್ದು ನನಗೆ ಬಹಳ ಸರಿ ಅನ್ನಿಸುತ್ತದೆ.

ಇನ್ನೊಂದು ತೊಡಕಿದೆ. ನರದ ವೇಗ ಅಳೆಯುವ ವಿದ್ಯುತ್ ಪರೀಕ್ಷೆ, ಅದರ ಜೊತೆ ಮಾಡುವ, ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ, ಇವು ಹಿಡಿಯುವುದು ದಪ್ಪ ನರತಂತುಗಳ ಹಾನಿಯನ್ನು. ಉರಿ, ಚುಚ್ಚಿದಂತಾಗುವುದು ಶುರುವಾಗುವುದು ಎಷ್ಟೋ ಸಲ ತೆಳು ತಂತುಗಳಲ್ಲಿ. ಅಲ್ಲಿ ತೊಂದರೆ ಇದ್ದರೂ ಯಂತ್ರ ‘ಎಲ್ಲ ಸರಿಯಿದೆ’ ಎನ್ನಬಹುದು. ಅದನ್ನು ಪತ್ತೆ ಮಾಡಲು ಚರ್ಮದ ಚೂರು ತೆಗೆದು ನೋಡಬೇಕಾಗುತ್ತದೆ. ಹಾಗಾಗಿ ಮೊದಲ ಇಎಂಜಿ ಸರಿಯಿತ್ತು, ಮೂರು ವರ್ಷದ ನಂತರದ್ದು ಕೆಟ್ಟಿತ್ತು ಎಂದ ಮಾತ್ರಕ್ಕೆ ಕಾಯಿಲೆ ಆ ಮೂರನೇ ವರ್ಷ ಹುಟ್ಟಿತು ಎನ್ನಲಾಗದು.

ಹಾಗಾದರೆ ನಿಜವಾದ ಆರಂಭಕ್ಕೆ ಸಾಕ್ಷಿ ಏನು? ಹಳೇ ಚೀಟಿಗಳು. ಮಾಮೂಲಿ ತಪಾಸಣೆಗೆ ಹೋದಾಗ ವೈದ್ಯರು ಬರೆದ ‘ಪಾದ ಜೋಮು ಎನ್ನುತ್ತಾರೆ’ ಎಂಬ ಒಂದು ಸಾಲು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್ ಮೊದಲ ಸಲ ಬರೆದ ತಾರೀಖು. ಇವನ್ನು ಬೇರೆ ಕಾರಣಕ್ಕೂ ಕೊಡುತ್ತಾರೆ ನಿಜ, ಆದರೆ ಸಕ್ಕರೆ ಕಾಯಿಲೆಯವರಿಗೆ ಪಾದದ ದೂರಿನ ಜೊತೆಗೇ ಕೊಟ್ಟಿದ್ದರೆ ಅದಕ್ಕೆ ತೂಕವಿದೆ. ಜೊತೆಗೆ ಹೆಂಡತಿಯೋ, ಜೊತೆಗೆ ಕೆಲಸ ಮಾಡಿದವರೋ ಬರೆದುಕೊಡುವ ಹೇಳಿಕೆ. ಜೋಮು, ಉರಿ, ಎಡವುವುದು ಇವನ್ನೆಲ್ಲ ಹೇಳಲು ವೈದ್ಯರೇ ಆಗಬೇಕಿಲ್ಲ. ಕಂಡದ್ದನ್ನು, ಅನುಭವಿಸಿದ್ದನ್ನು ಸಾಮಾನ್ಯ ಜನ ಹೇಳಿದರೂ ಅದು ಸಾಕ್ಷಿಯೇ ಎಂದು ಅಲ್ಲಿನ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಪರ ವಿರೋಧ ಸಮನಾಗಿದ್ದರೆ ಅನುಮಾನದ ಲಾಭ ಸೈನಿಕನಿಗೆ ಸಿಗಬೇಕು ಎನ್ನುವುದೂ ಕಾನೂನಿನಲ್ಲೇ ಇದೆ.

ಬೇರೆ ಕಾಯಿಲೆಯ ಬಾಲವಾಗಿ ಬರುವ ನರಹಾನಿ

ನರದ ತೊಂದರೆ ಒಂಟಿಯಾಗಿ ಬರುವುದು ಕಡಿಮೆ. ವಿಯೆಟ್ನಾಂ ಪೀಳಿಗೆಗೆ ಅದು ಬಂದ ದಾರಿ ಏಜೆಂಟ್ ಆರೆಂಜ್ ಎಂಬ ಗಿಡನಾಶಕ. ಅದಕ್ಕೆ ಒಡ್ಡಿಕೊಂಡವರಿಗೆ ಕೆಲವು ಕಾಯಿಲೆ ಬಂದರೆ ಸೇವೆಯಿಂದಲೇ ಬಂತು ಎಂದು ಕಾನೂನೇ ಊಹಿಸಿಕೊಳ್ಳುತ್ತದೆ. ಆ ಪಟ್ಟಿಗೆ 1996ರಲ್ಲಿ ನರದ ತೊಂದರೆಯ ಒಂದು ಬಗೆಯನ್ನೂ ಸೇರಿಸಿದರು. ಆಗ ಅದು ಎರಡು ವರ್ಷದೊಳಗೆ ವಾಸಿಯಾಗಬೇಕು ಎಂಬ ವಿಚಿತ್ರ ಷರತ್ತಿತ್ತು. 2013ರ ಸೆಪ್ಟೆಂಬರ್‌ನಲ್ಲಿ ಆ ಷರತ್ತು ತೆಗೆದರು. ಆದರೆ ಒಡ್ಡಿಕೊಂಡ ಒಂದು ವರ್ಷದೊಳಗೆ ಕಾಣಿಸಿಕೊಂಡಿರಬೇಕು ಎನ್ನುವುದು ಉಳಿಯಿತು. 1969ರಲ್ಲಿ ಕಾಡಿನಲ್ಲಿದ್ದವನಿಗೆ 1998ರಲ್ಲಿ ಪಾದ ಉರಿದರೆ ಈ ಬಾಗಿಲು ಮುಚ್ಚಿದೆ.

ತೆರೆದಿರುವುದು ಸಕ್ಕರೆ ಕಾಯಿಲೆಯ ಬಾಗಿಲು. ಟೈಪ್ 2 ಸಕ್ಕರೆ ಕಾಯಿಲೆ ಏಜೆಂಟ್ ಆರೆಂಜ್ ಪಟ್ಟಿಗೆ ಬಂದದ್ದು 2001ರಲ್ಲಿ, ಅದರ ಜಾರಿ ದಿನ ಮೇ 8. ಸಕ್ಕರೆ ಕಾಯಿಲೆ ಸೇವೆಯದ್ದು ಎಂದಾದರೆ ಅದರಿಂದ ಕೆಟ್ಟ ನರವೂ ಸೇವೆಯದ್ದೇ. ಆದರೆ ತಾರೀಖು? ಮೂಲ ಕಾಯಿಲೆಗೆ 2002 ಸಿಕ್ಕಿದೆ ಎಂದು ಅದರ ಬಾಲಕ್ಕೂ 2002 ತಾನಾಗಿ ಸಿಗುವುದಿಲ್ಲ. 2008ರಲ್ಲಿ ಎಲಿಂಗ್ಟನ್ ಪ್ರಕರಣದಲ್ಲಿ ಮೇಲಿನ ನ್ಯಾಯಾಲಯ ಇದನ್ನೇ ಹೇಳಿತು. ಆ ಎರಡನೇ ಕಾಯಿಲೆ ಯಾವಾಗ ಹುಟ್ಟಿತು, ಅದಕ್ಕೆ ಅರ್ಜಿ ಯಾವಾಗ ಬಂತು ಎಂದು ಬೇರೆಯಾಗಿಯೇ ನೋಡಬೇಕು.

ಇಲ್ಲೊಂದು ಸಣ್ಣ ಬಿರುಕಿದೆ, ಸೈನಿಕರ ಪರವಾಗಿ. ಸಕ್ಕರೆ ಕಾಯಿಲೆಯ ಶೇಕಡ ನಿಗದಿ ಮಾಡುವ ನಿಯಮದ ಕೆಳಗೆ ಒಂದು ಟಿಪ್ಪಣಿ ಇದೆ: ಪರಿಹಾರಕ್ಕೆ ಯೋಗ್ಯವಾದ ತೊಡಕುಗಳನ್ನು ಬೇರೆಯಾಗಿ ಲೆಕ್ಕ ಹಾಕಿ. ಬೆನ್ನುಮೂಳೆಯ ನಿಯಮದಲ್ಲೂ ಇಂಥದ್ದೇ ಟಿಪ್ಪಣಿ: ಬೆನ್ನಿನಿಂದ ನರಕ್ಕೆ ಆದ ಹಾನಿಯನ್ನು ಬೇರೆಯಾಗಿ ಅಳೆಯಿರಿ. ಅಂದರೆ ಬೆನ್ನುನೋವು ಜಾಸ್ತಿಯಾಗಿದೆ ಎಂಬ ಅರ್ಜಿ ವಿಎ ಮುಂದೆ ಬಾಕಿ ಇರುವಾಗ, ಪರೀಕ್ಷೆಯಲ್ಲಿ ಕಾಲಿಗೆ ಇಳಿಯುವ ನೋವು ಕಂಡರೆ, ಆ ಕಾಲಿನ ನರವೂ ಅದೇ ಅರ್ಜಿಯ ಭಾಗ. ಅದಕ್ಕೆ ಹೊಸ ಅರ್ಜಿ ಕೇಳಬಾರದು, ಹೊಸ ತಾರೀಖನ್ನೂ ಹಾಕಬಾರದು. ಹಳೇ ಬೆನ್ನಿನ ಕಡತಗಳಲ್ಲಿ ಹುಡುಕಲೇಬೇಕಾದ ಜಾಗ ಇದು. ವರದಿಯಲ್ಲಿ ‘ಎಡಗಾಲಿಗೆ ಹರಿಯುವ ನೋವು’ ಎಂದು ಬರೆದಿದ್ದು, ತೀರ್ಪಿನಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಅಲ್ಲಿ ಕೇಳಲು ಪ್ರಶ್ನೆ ಇದೆ.

ಜಾಸ್ತಿಯಾಗಿದೆ ಎಂದು ಕೇಳುವಾಗ

ಈಗಾಗಲೇ ಶೇ 10 ಇದೆ, ಕಾಲು ಇನ್ನಷ್ಟು ಕೆಟ್ಟಿದೆ, ಹೆಚ್ಚಿಸಿ ಎಂದು ಕೇಳುವವರಿಗೆ ನಿಯಮ ಸ್ವಲ್ಪ ಉದಾರ. ಅರ್ಜಿಗಿಂತ ಹಿಂದಿನ ಒಂದು ವರ್ಷದೊಳಗೆ ಕಾಯಿಲೆ ಹೆಚ್ಚಾದದ್ದು ದಾಖಲೆಯಲ್ಲಿ ಗೊತ್ತಾದರೆ, ಆ ದಿನದಿಂದಲೇ ಹಣ.

ಆದರೆ ಇದರಲ್ಲೂ ಒಂದು ಕೊಂಡಿ ಇದೆ. ಹೆಚ್ಚಾದದ್ದು ಆ ಒಂದು ವರ್ಷದ ಒಳಗೇ ಆಗಿರಬೇಕು. 2010ರ ಗ್ಯಾಸ್ಟನ್ ತೀರ್ಪಿನ ಪ್ರಕಾರ, ಅದಕ್ಕಿಂತ ಮೊದಲೇ ಹೆಚ್ಚಾಗಿದ್ದರೆ ಒಂದು ವರ್ಷದ ಹಿನ್ನೋಟವೂ ಇಲ್ಲ, ಅರ್ಜಿಯ ದಿನವೇ ಗತಿ. ಅಂದರೆ ಎಂಟು ತಿಂಗಳ ಹಿಂದೆ ಕೆಟ್ಟವನಿಗೆ ಎಂಟು ತಿಂಗಳ ಬಾಕಿ ಸಿಗುತ್ತದೆ, ಎರಡು ವರ್ಷದಿಂದ ನರಳುತ್ತಿರುವವನಿಗೆ ಏನೂ ಇಲ್ಲ. ಕಾನೂನಿನ ಅಕ್ಷರ ಹಾಗಿದೆ, ಸರಿ. ಆದರೆ ಇಂಚಿಂಚಾಗಿ ಏರುವ ನರದ ಕಾಯಿಲೆಯಲ್ಲಿ ‘ಇಂಥ ದಿನ ಹೆಚ್ಚಾಯಿತು’ ಎಂದು ಯಾರು ತೋರಿಸಲು ಸಾಧ್ಯ? ಅಲ್ಪದಿಂದ ಮಧ್ಯಮಕ್ಕೆ ದಾಟಿದ್ದು ಯಾವ ವಾರ ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಹಾಗಾಗಿ ಆ ವರ್ಷದೊಳಗಿನ ಚೀಟಿಗಳಲ್ಲಿ ಯಾವುದು ಬದಲಾಯಿತು ಎಂಬುದೇ ನಿರ್ಣಾಯಕ. ಮಾತ್ರೆಯ ಪ್ರಮಾಣ ಏರಿಸಿದ್ದು, ಊರುಗೋಲು ಕೊಟ್ಟದ್ದು, ಬಿದ್ದದ್ದಕ್ಕೆ ತುರ್ತು ವಿಭಾಗಕ್ಕೆ ಹೋದದ್ದು.

ತಡವಾದವರ ಪಾಡು

ಸೇನೆ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಬಿಟ್ಟ ಮಾರನೇ ದಿನದಿಂದಲೇ ಲೆಕ್ಕ. ಇದು ಅತ್ಯಂತ ಒಳ್ಳೆಯ ನಿಯಮ, ಹೊಸದಾಗಿ ಹೊರಬರುವವರಿಗೆ. ಸೇನೆ ಬಿಡುವ ಮೊದಲೇ, 180ರಿಂದ 90 ದಿನದ ನಡುವೆ ಅರ್ಜಿ ಕೊಡುವ ವ್ಯವಸ್ಥೆಯೂ ಇದೆ.

ಆ ವರ್ಷ ತಪ್ಪಿದವರ ಕಥೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅರೆಲಾನೊ ಎಂಬ ನೌಕಾಪಡೆಯ ಮಾಜಿ ಸೈನಿಕ ಸೇವೆ ಬಿಟ್ಟದ್ದು 1981ರಲ್ಲಿ, ಅರ್ಜಿ ಹಾಕಿದ್ದು 2011ರಲ್ಲಿ. ಸೇವೆಯಲ್ಲಿ ಬಂದ ಮಾನಸಿಕ ಕಾಯಿಲೆಯೇ ತನ್ನನ್ನು ಅರ್ಜಿ ಹಾಕದಂತೆ ತಡೆಯಿತು, ಹಾಗಾಗಿ ಒಂದು ವರ್ಷದ ಗಡುವನ್ನು ಸಡಿಲಿಸಿ ಎಂಬುದು ಅವರ ವಾದ. ಕೆಳಗಿನ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಆರು–ಆರು ಎಂದು ಸಮನಾಗಿ ಒಡೆದುಹೋಗಿದ್ದರು. 2023ರ ಜನವರಿ 23ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಇಲ್ಲ ಎಂದಿತು. ಅಪವಾದಗಳೇನು ಎಂಬುದನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಪಟ್ಟಿ ಮಾಡಿ ಬರೆದಿದೆ, ನಾವು ಹೊಸದನ್ನು ಸೇರಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅದು ಮಾನಸಿಕ ಕಾಯಿಲೆಯ ಪ್ರಕರಣವಾದರೂ ಪರಿಣಾಮ ಎಲ್ಲರ ಮೇಲೂ ಇದೆ. ನರದ ಕಾಯಿಲೆಗೆ ಇಪ್ಪತ್ತು ವರ್ಷ ಹೆಸರೇ ಸಿಗಲಿಲ್ಲ ಎಂಬ ಕಾರಣವೂ ಈಗ ನಡೆಯುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿದ್ದು ನೆನಪಾಗುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣ. 1983ರಲ್ಲಿ ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಹೊರಬಂದವರು 1999ರಲ್ಲಿ ಹೈಕೋರ್ಟಿಗೆ ಹೋಗಿದ್ದರು. ಪಿಂಚಣಿ ಕೊಡದಿರುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಹಾಗಾಗಿ ತಡವಾದರೂ ಕೇಳಬಹುದು, ಆದರೆ ಬಾಕಿ ಸಿಗುವುದು ಕೋರ್ಟಿಗೆ ಬಂದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ ಎಂದು ತೀರ್ಪಾಯಿತು. ಕೊಡಗಿನಲ್ಲೋ ಬೆಳಗಾವಿಯಲ್ಲೋ ಅಂಗವೈಕಲ್ಯ ಪಿಂಚಣಿಗೆ ತಡವಾಗಿ ಓಡಾಡುವ ಮಾಜಿ ಸೈನಿಕರ ಮನೆಯವರಿಗೂ ಈ ಮೂರು ವರ್ಷದ ಮಾತು ಗೊತ್ತಿರುವುದು ಒಳ್ಳೆಯದು. ಅಮೆರಿಕದ ಮೊದಲ ಅರ್ಜಿಯಲ್ಲಿ ಆ ಮೂರು ವರ್ಷವೂ ಇಲ್ಲ.

ಕಾನೂನೇ ಹೊಸದಾಗಿ ಬಂದಾಗ ಮಾತ್ರ ಅಲ್ಲಿ ಸ್ವಲ್ಪ ಹಿಂದೆ ನೋಡುತ್ತಾರೆ. 2022ರ ಆಗಸ್ಟ್ 10ರಂದು, ಸೇವೆಯಲ್ಲಿ ವಿಷವಸ್ತುಗಳಿಗೆ ಒಡ್ಡಿಕೊಂಡವರಿಗೆಂದು ಮಾಡಿದ ಪ್ಯಾಕ್ಟ್ ಕಾಯ್ದೆಗೆ ಸಹಿ ಬಿತ್ತು. ಥಾಯ್ಲೆಂಡ್, ಗುವಾಮ್ ಮುಂತಾದ ಜಾಗಗಳಲ್ಲಿ ನಿಗದಿತ ಅವಧಿಯಲ್ಲಿ ಇದ್ದವರೂ ಏಜೆಂಟ್ ಆರೆಂಜ್ ಲೆಕ್ಕಕ್ಕೆ ಬಂದರು. ಅವರ ಸಕ್ಕರೆ ಕಾಯಿಲೆಗೆ, ಅದರ ಮೂಲಕ ನರಕ್ಕೆ, ದಾರಿ ತೆರೆಯಿತು. 2023ರ ಆಗಸ್ಟ್ 14ರೊಳಗೆ ಅರ್ಜಿ ಹಾಕಿದ ಅಥವಾ ಹಾಕುವುದಾಗಿ ತಿಳಿಸಿದವರಿಗೆ ಕಾಯ್ದೆಯ ದಿನದಿಂದಲೇ ಪರಿಹಾರ. ಆಮೇಲೆ ಬಂದವರು, ಕಾಯ್ದೆ ಬಂದ ದಿನದಿಂದಲೂ ಅರ್ಹರಾಗಿದ್ದರೆ, ಅರ್ಜಿಗಿಂತ ಒಂದು ವರ್ಷದವರೆಗೆ ಹಿಂದಕ್ಕೆ ಕೇಳಬಹುದು. ವಿಯೆಟ್ನಾಂನಲ್ಲಿ ಸೇವೆ ಮಾಡಿದವರಿಗೆ ಇನ್ನೂ ದೊಡ್ಡ ಆಸರೆ ನೇಮರ್ ಪ್ರಕರಣ. 1986ರಲ್ಲಿ ಹೂಡಿದ ಆ ಸಾಮೂಹಿಕ ದಾವೆಯಿಂದಾಗಿ, ಸಕ್ಕರೆ ಕಾಯಿಲೆಗೆ 1994ರಲ್ಲಿ ಅರ್ಜಿ ಹಾಕಿ ತಿರಸ್ಕೃತನಾಗಿದ್ದವನಿಗೂ 2001ರ ನಂತರ ಆ 1994ರ ತಾರೀಖು ಸಿಗಲು ಸಾಧ್ಯವಾಯಿತು, ಆಗಲೇ ಕಾಯಿಲೆ ಇದ್ದರೆ.

ಮೊದಲು ದಿನ ಹಿಡಿದಿಡುವುದು

2015ರ ಮಾರ್ಚ್ 24ಕ್ಕೆ ಮೊದಲು ಒಂದು ಸಾದಾ ಪತ್ರವೂ ಅರ್ಜಿಯಾಗಿ ನಿಲ್ಲುತ್ತಿತ್ತು. ಈಗಾಗಲೇ ಪರಿಹಾರ ಇದ್ದ ಕಾಯಿಲೆ ಜಾಸ್ತಿಯಾಗಿದೆ ಎಂದು ವಿಎ ಆಸ್ಪತ್ರೆಯ ವರದಿ ಹೇಳಿದರೆ ಅದೇ ಅರ್ಜಿ ಎಂದು ಲೆಕ್ಕವಾಗುತ್ತಿತ್ತು. ಹಾಗಾಗಿ ಆ ದಿನಕ್ಕಿಂತ ಹಿಂದಿನ ಕಡತಗಳನ್ನು ಇವತ್ತಿಗೂ ಹಳೇ ನಿಯಮದಲ್ಲೇ ಓದಬೇಕು. ಆನಂತರ ಎಲ್ಲವೂ ನಿಗದಿತ ನಮೂನೆಯಲ್ಲೇ ಬರಬೇಕಾಯಿತು. ಬದಲಿಗೆ ಬಂದದ್ದು ಇಂಟೆಂಟ್ ಟು ಫೈಲ್. ‘ಅರ್ಜಿ ಹಾಕುವವನಿದ್ದೇನೆ’ ಎಂದು ತಿಳಿಸಿ ದಿನ ಹಿಡಿದಿಡುವುದು. ಅದಾದ ಒಂದು ವರ್ಷದೊಳಗೆ ಪೂರ್ಣ ಅರ್ಜಿ ಬಂದರೆ ಮೊದಲ ದಿನವೇ ಅರ್ಜಿಯ ದಿನ.

ನರದ ತೊಂದರೆಯವರಿಗೆ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ನರತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕು, ಇಎಂಜಿಗೆ ಮತ್ತೆ ಕಾಯಬೇಕು. ರೋಗಕ್ಕೆ ಹೆಸರು ಸಿಗಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವವರು ಆ ತಿಂಗಳುಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ಮೊದಲು ದಿನ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಒಂದೇ ಎಚ್ಚರ: ಹಿಡಿದಿಟ್ಟ ದಿನ ಸಲ್ಲುವುದು ಮೊದಲು ಬರುವ ಒಂದು ಪೂರ್ಣ ಅರ್ಜಿಗೆ ಮಾತ್ರ. ಮೂರನೇ ತಿಂಗಳು ಬೆನ್ನಿಗೆ ಅರ್ಜಿ, ಎಂಟನೇ ತಿಂಗಳು ಕಾಲಿನ ನರಕ್ಕೆ ಅರ್ಜಿ ಎಂದು ಬಿಡಿಬಿಡಿಯಾಗಿ ಹಾಕಿದರೆ ಎರಡನೆಯದಕ್ಕೆ ಆ ರಕ್ಷಣೆ ಇರುವುದಿಲ್ಲ. ಬೆನ್ನು, ಎರಡೂ ಕಾಲು, ಎರಡೂ ಕೈ, ತೊಂದರೆ ಇರುವುದೆಲ್ಲ ಒಂದೇ ನಮೂನೆಯಲ್ಲಿ ಹೋಗಲಿ.

ಪತ್ರ ಬಂದ ಮೇಲೆ

ತಾರೀಖು ತಪ್ಪಾಗಿದೆ ಅನ್ನಿಸಿದರೆ ಇರುವ ಸಮಯ ಪತ್ರದ ದಿನದಿಂದ ಒಂದು ವರ್ಷ. 2019ರ ಫೆಬ್ರವರಿ 19ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ಮೂರು ದಾರಿಗಳಿವೆ. ಹೊಸ ಸಾಕ್ಷಿ ಇದ್ದರೆ ಪೂರಕ ಅರ್ಜಿ. ಇರುವ ಕಡತವನ್ನೇ ತಪ್ಪಾಗಿ ಓದಿದ್ದಾರೆ ಎಂದಾದರೆ ಹಿರಿಯ ಅಧಿಕಾರಿಯ ಮರುಪರಿಶೀಲನೆ. ಇಲ್ಲವೇ ಮೇಲ್ಮನವಿ ಮಂಡಳಿ. ಪರೀಕ್ಷೆಯ ದಿನವನ್ನೇ ತಾರೀಖಾಗಿ ಹಾಕಿದ ಪ್ರಕರಣಕ್ಕೆ ಎರಡನೆಯದು ಹೆಚ್ಚಾಗಿ ಸಾಕು ಎಂದು ನನಗನ್ನಿಸುತ್ತದೆ, ಏಕೆಂದರೆ ಹಳೇ ಚೀಟಿಗಳು ಕಡತದಲ್ಲೇ ಇರುತ್ತವೆ. ಚೀಟಿ ಹೊರಗಿನ ಆಸ್ಪತ್ರೆಯದಾಗಿದ್ದು ಕಡತದಲ್ಲಿ ಇಲ್ಲದಿದ್ದರೆ ಮೊದಲನೆಯದು. ಒಂದು ದಾರಿಯಲ್ಲಿ ಸೋತರೂ ವರ್ಷದೊಳಗೆ ಇನ್ನೊಂದನ್ನು ಹಿಡಿದರೆ ಮೂಲ ತಾರೀಖು ಜೀವಂತವಾಗಿರುತ್ತದೆ.

ಆ ವರ್ಷ ದಾಟಿದರೆ ತೀರ್ಪು ಗಟ್ಟಿಯಾಗುತ್ತದೆ. ‘ತಾರೀಖು ಮಾತ್ರ ಹಿಂದಕ್ಕೆ ಹಾಕಿ’ ಎಂದು ಆಮೇಲೆ ಕೇಳುವ ಬಿಡಿ ಅರ್ಜಿಗೆ ಜಾಗವಿಲ್ಲ ಎಂದು 2006ರ ರಡ್ ತೀರ್ಪು ಹೇಳಿದೆ. ಉಳಿಯುವ ದಾರಿಗಳು ಕಡಿದಾದವು. ಹಳೇ ತೀರ್ಪಿನಲ್ಲಿ ಎದ್ದು ಕಾಣುವ, ವಾದಕ್ಕೇ ಎಡೆಯಿಲ್ಲದ ತಪ್ಪಿದೆ, ಅದಿಲ್ಲದಿದ್ದರೆ ಫಲಿತಾಂಶ ಖಂಡಿತ ಬೇರೆಯಾಗುತ್ತಿತ್ತು ಎಂದು ತೋರಿಸಬೇಕು. ಸಾಕ್ಷಿಗೆ ಕೊಟ್ಟ ತೂಕ ಸರಿಯಿಲ್ಲ ಎಂದರೆ ಸಾಲದು. ಇಲ್ಲವೇ, ಆಗಲೇ ಇದ್ದೂ ಕಡತಕ್ಕೆ ಸೇರದ ಸೇನೆಯ ದಾಖಲೆ ಈಗ ಸಿಕ್ಕಿರಬೇಕು. ಸೇವೆಯಲ್ಲಿದ್ದಾಗ ಬೆನ್ನಿಗೆ ಪೆಟ್ಟಾಗಿ ಚಿಕಿತ್ಸೆ ಪಡೆದ ಹಾಳೆಯೊಂದು ಮೂವತ್ತು ವರ್ಷದ ನಂತರ ಸಿಕ್ಕಿ, ಅದರಿಂದ ಪರಿಹಾರ ಮಂಜೂರಾದರೆ, ಮೊದಲ ಅರ್ಜಿಯ ತಾರೀಖಿನವರೆಗೂ ಹಿಂದೆ ಹೋಗಬಹುದು.

ಇಷ್ಟೆಲ್ಲ ಸೈನಿಕನ ಹೆಗಲಿಗೇ ಬೀಳಬೇಕಾ ಎನ್ನುವುದು ನನ್ನ ಪ್ರಶ್ನೆ. ಎಪ್ಪತ್ತು ದಾಟಿದ, ಪಾದದ ಅಡಿ ನೆಲವೇ ಗೊತ್ತಾಗದ ಮನುಷ್ಯ ಹಳೇ ಚೀಟಿ ಹುಡುಕಿ, ತೀರ್ಪುಗಳ ಹೆಸರು ಕಲಿತು, ಬಾಕಿ ಹಣದಲ್ಲಿ ಐದನೇ ಒಂದು ಭಾಗ ವಕೀಲರಿಗೆ ಕೊಟ್ಟು ತನ್ನದೇ ತಾರೀಖು ಬಿಡಿಸಿಕೊಳ್ಳಬೇಕು. ಅಮೆರಿಕನ್ ಲೀಜನ್, ಡಿಎವಿಯಂಥ ಮಾಜಿ ಸೈನಿಕರ ಸಂಘಗಳಲ್ಲಿ ಇಲಾಖೆಯ ಮಾನ್ಯತೆ ಇರುವ ಪ್ರತಿನಿಧಿಗಳು ಉಚಿತವಾಗಿ ಸಹಾಯ ಮಾಡುತ್ತಾರೆ, ಅದು ದೊಡ್ಡ ಆಸರೆ. ಆದರೆ ತಪ್ಪು ಮೊದಲೇ ಆಗದಂತೆ ತಡೆಯುವುದು ಇಲಾಖೆಯ ಕೈಯಲ್ಲೇ ಇದೆ, ಅದಕ್ಕೆ ಹೊಸ ಕಾನೂನೇನೂ ಬೇಡ. ನರದ ಪರೀಕ್ಷೆಯ ನಮೂನೆಯಲ್ಲಿ ತೊಂದರೆ ಹೇಗೆ ಶುರುವಾಯಿತು, ಹೇಗೆ ಮುಂದುವರಿಯಿತು ಎಂದು ಬರೆಯುವ ಜಾಗ ಈಗಾಗಲೇ ಇದೆ. ಪರೀಕ್ಷಕರು ಅಲ್ಲಿ ಎರಡು ಪದ ಗೀಚದೆ, ಚೀಟಿಗಳನ್ನು ನೋಡಿ ಮೊದಲ ದೂರು ಯಾವ ವರ್ಷದ್ದು ಎಂದು ಬರೆಯಬೇಕು. ಅರ್ಜಿಯ ದಿನ ಬಿಟ್ಟು ಪರೀಕ್ಷೆಯ ದಿನವನ್ನು ತಾರೀಖಾಗಿ ಹಾಕುವ ಅಧಿಕಾರಿ, ಅದಕ್ಕಿಂತ ಹಿಂದೆ ಕಾಯಿಲೆ ಇರಲಿಲ್ಲ ಎಂದು ಹೇಳಲು ಕಡತದಲ್ಲಿ ಏನಿದೆ ಎಂಬುದನ್ನು ಪತ್ರದಲ್ಲೇ ಒಂದು ಸಾಲಿನಲ್ಲಿ ಬರೆಯುವಂತೆ ಕಡ್ಡಾಯ ಮಾಡಬೇಕು.